ಎಂಎಲ್ ಲೆಕ್ಕ ಹಾಕಿ ನಿಕೋಟಿನ್ ಇಳಿಸಿದೆ: ನನ್ನ ಅನುಭವ

ಸಿಗರೇಟು ಬಿಟ್ಟು ವೇಪ್ (ನಿಕೋಟಿನ್ ಬೆರೆತ ಲಿಕ್ವಿಡ್ ಬಿಸಿ ಮಾಡಿ ಆವಿ ಎಳೆಯುವ ಇ-ಸಿಗರೇಟು) ಹಿಡಿದಾಗ ಗೆಳೆಯನೊಬ್ಬ ನಕ್ಕಿದ್ದ. "ಹೋದ್ಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ, ಹಂಗಾಯ್ತು ನಿನ್ ಕಥೆ" ಅಂದ. ನಿಕೋಟಿನ್ನನ್ನೂ ಸೊನ್ನೆಗೆ ಇಳಿಸ್ತೀನಿ ಅಂದಾಗ ಇನ್ನೂ ಜೋರಾಗಿ ನಕ್ಕ. ಈಗ ಸೊನ್ನೆಗೆ ಇಳಿದು ಎಂಟು ತಿಂಗಳಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಹದಿನೇಳು ವರ್ಷ ಸೇದಿದವನು ನಾನು, ದಿನಕ್ಕೆ ಹೆಚ್ಚುಕಡಿಮೆ 20. ಕಣ್ಣು ಬಿಟ್ಟ ಐದು ನಿಮಿಷದೊಳಗೆ ಮೊದಲನೆಯದು ಹೊತ್ತಬೇಕು. ನಿಕೋಟಿನ್ ಅವಲಂಬನೆ ಎಷ್ಟು ಅಂತ ಅಳೆಯುವ ಫಾಗರ್‌ಸ್ಟ್ರಾಮ್ ಪರೀಕ್ಷೆಯಲ್ಲಿ ಅದೊಂದಕ್ಕೇ 3 ಅಂಕ. ಹತ್ತಕ್ಕೆ ಏಳೋ ಎಂಟೋ ಬಂದಿತ್ತು. ಶಾಲೆಯಲ್ಲೂ ಅಷ್ಟು ಬಂದಿರಲಿಲ್ಲ.

ವೇಪ್‌ಗೆ ಬಂದ ಮೇಲೂ ಬೆಳಗ್ಗೆ ಎದ್ದ ಕೂಡಲೇ ಅದೇ ತಡಕಾಟ. ಆದರೆ ಒಂದು ರಾತ್ರಿ ಬ್ಯಾಟರಿ ಸತ್ತಿತು, ಚಾರ್ಜರ್ ಸಿಗಲಿಲ್ಲ. ಗೊಣಗಿಕೊಂಡು ಮಲಗಿಬಿಟ್ಟೆ. ಸಿಗರೇಟಿನ ಕಾಲದಲ್ಲಿ ಪ್ಯಾಕೆಟ್ ಖಾಲಿಯಾದರೆ ಮಧ್ಯರಾತ್ರಿ ಆಶ್‌ಟ್ರೇ ಕೆದಕುತ್ತಿದ್ದೆ. ನಜ್ಜುಗುಜ್ಜಾದ ತುಂಡನ್ನು ಬೆರಳಲ್ಲಿ ತೀಡಿ ನೆಟ್ಟಗೆ ಮಾಡಿ, ಬಗ್ಗಿ ಹಚ್ಚಿ, ತುಟಿ ಸುಟ್ಟುಕೊಂಡಿದ್ದೂ ಉಂಟು. ಎರಡಕ್ಕೂ ಇರುವ ವ್ಯತ್ಯಾಸ ಆ ರಾತ್ರಿ ಹೊಳೆಯಿತು. ಇಲ್ಲದಿದ್ದರೆ ಮೈ ಸಿಡಿಮಿಡಿ ಅನ್ನೋದು ಅವಲಂಬನೆ. ಕೆಡುಕು ಅಂತ ಗೊತ್ತಿದ್ದೂ ಕೈ ತಪ್ಪಿ ಅದರ ಹಿಂದೆ ಓಡೋದು ಚಟ. ವೇಪ್ ಚಟವನ್ನು ಸಡಿಲ ಮಾಡಿತ್ತು, ಅವಲಂಬನೆ ಮಾತ್ರ ಹಾಗೇ ಗಟ್ಟಿಯಾಗಿ ಕೂತಿತ್ತು. ಅಮೆರಿಕದ ಸರ್ಜನ್ ಜನರಲ್ ವರದಿ 1964ರಲ್ಲಿ ಸಿಗರೇಟನ್ನು ಬರೀ ಅಭ್ಯಾಸ ಅಂದಿತ್ತು, 1988ರ ವರದಿ ಚಟ ಅಂದಿತು. ಅವರಿಗೇ 24 ವರ್ಷ ಬೇಕಾಯಿತು. ನನಗೆ ನಾಲ್ಕೇ ಸಾಕಾಯಿತು.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ಮಾಡಿದೆ. ಆಗ 12 ಮಿಗ್ರಾಂ ಲಿಕ್ವಿಡ್ (ಅಂದರೆ ಒಂದು ಎಂಎಲ್‌ನಲ್ಲಿ 12 ಮಿಗ್ರಾಂ ನಿಕೋಟಿನ್), ದಿನಕ್ಕೆ ಸುಮಾರು 4 ಎಂಎಲ್. ಒಂದೇ ಏಟಿಗೆ 6ಕ್ಕೆ ಇಳಿದು ಬೀಗಿದೆ. ತಿಂಗಳ ಕೊನೆಗೆ ಬಾಟಲಿ ಎಣಿಸಿದರೆ ದಿನಕ್ಕೆ 8 ಎಂಎಲ್ ಹೋಗಿದೆ! ಗುಣಿಸಿ ನೋಡಿ, ಆಗಲೂ ಈಗಲೂ ದಿನಕ್ಕೆ ಅದೇ 48 ಮಿಗ್ರಾಂ. ನಿಕೋಟಿನ್ ಒಂದು ಚೂರೂ ಇಳಿದಿಲ್ಲ, ಲಿಕ್ವಿಡ್ ಖರ್ಚು ಮಾತ್ರ ಎರಡರಷ್ಟು. ಲಿಕ್ವಿಡ್ ಬಿಸಿ ಮಾಡುವ ತಂತಿ ಸುರುಳಿ, ಅಂದರೆ ಕಾಯಿಲ್, ಹತ್ತು ದಿನ ಬರುತ್ತಿದ್ದದ್ದು ಐದೇ ದಿನಕ್ಕೆ ಸುಟ್ಟ ವಾಸನೆ. ಸಿಗರೇಟು ಬಿಟ್ಟು ಉಳಿಸಿದ ದುಡ್ಡೆಲ್ಲ ಹೀಗೇ ಹೋಯಿತು. ಸುಮ್ನೆ ಆಸೆಗೆ ಕೊಂಡ ಫ್ಲೇವರ್ ಬಾಟಲಿಗಳು ಇನ್ನೂ ಡ್ರಾಯರ್ ತುಂಬ ಇವೆ, ಆ ಲೆಕ್ಕ ಬೇಡ. ಸಿಟ್ಟಿಗೆ ಪೂರ್ತಿ ನಿಲ್ಲಿಸಿ ನೋಡಿದೆ. ಮೂರನೇ ದಿನ ಯಾರದೋ ಸಿಗರೇಟು ಇಸಕೊಂಡು ಸೇದಿದೆ. ನಾಚಿಕೆಯಾಯಿತು.

ಆಮೇಲೆ ಬಾಟಲಿ ಮೇಲಿನ ನಂಬರ್ ನೋಡುವುದನ್ನೇ ಬಿಟ್ಟೆ. ದಿನಕ್ಕೆ 4 ಎಂಎಲ್, ಅಷ್ಟೇ. ಬೆಳಗ್ಗೆ ಸಿರಿಂಜಿನಲ್ಲಿ ಅಳೆದು ವೇಪ್‌ನ ಟ್ಯಾಂಕಿಗೆ ಹಾಕೋದು, ಮುಗಿದರೆ ಮುಗಿಯಿತು. ಎರಡು ವಾರಕ್ಕೊಮ್ಮೆ ಸೊನ್ನೆಯ (ನಿಕೋಟಿನ್ ಇಲ್ಲದ) ಲಿಕ್ವಿಡ್ ಬೆರೆಸಿ ಹತ್ತರಲ್ಲೊಂದು ಪಾಲು ನಿಕೋಟಿನ್ ಕಡಿಮೆ ಮಾಡೋದು. ಶುರುವಿನಲ್ಲಿ ಸಂಜೆ ಆರಕ್ಕೇ ಟ್ಯಾಂಕ್ ಒಣಗುತ್ತಿತ್ತು, ಮನೆಯವರ ಮೇಲೆ ರೇಗಾಟ. ಬೆಳಗಿನ ಮೊದಲ ದಮ್ಮನ್ನು ಅರ್ಧ ಗಂಟೆ, ಆಮೇಲೆ ಒಂದು, ಎರಡು ಗಂಟೆ ಮುಂದೆ ಹಾಕಿದ ಮೇಲೆ ರಾತ್ರಿವರೆಗೂ ಸಾಕಾಯಿತು. ಆ ಮೊದಲ ಎರಡು ಗಂಟೆ ಹೇಗೆ ಕಳೆದೆ ಅನ್ನೋ ಗುಟ್ಟು ನನ್ನ ಹತ್ತಿರಾನೇ ಇರಲಿ.

ನಡುವೆ ಒಂದು ಕಾಫಿ ಪುರಾಣ. ಸಿಗರೇಟು ಬಿಟ್ಟಾಗಿನಿಂದ ಕೈ ನಡುಕ, ರಾತ್ರಿ ನಿದ್ದೆ ಇಲ್ಲ. ಎಲ್ಲ ನಿಕೋಟಿನ್ ಮೇಲೆ ಹಾಕಿದ್ದೆ. ತಪ್ಪು. ಹೊಗೆಯಲ್ಲಿರುವ ಟಾರ್ ಪದಾರ್ಥಗಳು ಲಿವರ್‌ನಲ್ಲಿ ಕೆಫೀನ್ ಬೇಗ ಕರಗುವ ಹಾಗೆ ಮಾಡುತ್ತವೆ. ಆ ಕೆಲಸ ನಿಕೋಟಿನ್‌ದಲ್ಲ. ಸುಡುವ ಹೊಗೆ ನಿಂತ ಮೇಲೆ ಅದೇ ಕಾಫಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತೆ. ನಾಲ್ಕು ಲೋಟವನ್ನು ಎರಡಕ್ಕೆ ಇಳಿಸಿದೆ, ವಾರದಲ್ಲಿ ಅರ್ಧ ಚಡಪಡಿಕೆ ಹೋಯಿತು.

3 ಮಿಗ್ರಾಂಗೆ ಬಂದಾಗ ಇನ್ನೊಂದು ಆಟ ಆಡಿದೆ. ಹೆಂಡತಿ ಎರಡು ಟ್ಯಾಂಕ್ ತುಂಬಿ, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿ ದಾರ ಕಟ್ಟಿ ಕೊಟ್ಟಳು. ಒಂದರಲ್ಲಿ 3, ಇನ್ನೊಂದರಲ್ಲಿ ಸೊನ್ನೆ, ಯಾವುದು ಯಾವುದು ಅಂತ ಹೇಳಲಿಲ್ಲ. ಮೊದಲು 12ಕ್ಕೂ ಸೊನ್ನೆಗೂ ಹೀಗೇ ಮಾಡಿ 12ರದ್ದು ಒಂದೇ ದಮ್ಮಿಗೆ ಗಂಟಲು ಹಿಡಿದುಕೊಂಡು ಆಟ ಕೆಟ್ಟಿತ್ತು. ಈ ಸಲ ಗಂಟಲಿಗೆ ಗೊತ್ತಾಗಲಿಲ್ಲ. ಮಧ್ಯಾಹ್ನ, ಸಂಜೆ ಕೆಂಪು ದಾರದ್ದೇ ಜೋರು ಅಂತ ಆಣೆ ಮಾಡಿದೆ. ಅದು ಸೊನ್ನೆಯದು! ಆದರೆ ಬೆಳಗಿನ ಮೊದಲ ದಮ್ಮು ಎಳೆದು ಸ್ವಲ್ಪ ಹೊತ್ತು ಕೂತರೆ ಐದರಲ್ಲಿ ನಾಲ್ಕು ದಿನ ಸರಿ ಹೇಳಿದೆ. ನಿಕೋಟಿನ್ ರಕ್ತದಲ್ಲಿ ಸುಮಾರು ಎರಡು ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತೆ, ಬೆಳಗಾಗುವಷ್ಟರಲ್ಲಿ ಮೈ ಬಹುಮಟ್ಟಿಗೆ ಖಾಲಿ. ಅಂದರೆ ಬೆಳಗ್ಗೆ ಕೇಳುತ್ತಿದ್ದದ್ದು ಮೈ, ಉಳಿದ ಹೊತ್ತು ಬರೀ ಕೈ. ಅದಾದ ಮೇಲೆ ಮಧ್ಯಾಹ್ನ, ಸಂಜೆಗೆ ಸೊನ್ನೆಯದೇ ಹಾಕಿಕೊಂಡೆ. ಉಳಿದ ಬೆಳಗಿನ ಪಾಲನ್ನು ಇಳಿಸಲು ಎರಡು ತಿಂಗಳು ಹಿಡಿಯಿತು. ಒಟ್ಟು ಹತ್ತು ಹನ್ನೊಂದು ತಿಂಗಳ ಕೆಲಸ.

ಫೋನಲ್ಲಿ ಮಾತಾಡುವಾಗ ಸೊನ್ನೆಯ ವೇಪ್ ಈಗಲೂ ಒಮ್ಮೊಮ್ಮೆ ಕೈಗೆ ಬರುತ್ತೆ. ನಕ್ಕಿದ್ದ ಗೆಳೆಯ, 18 ಮಿಗ್ರಾಂ ಲಿಕ್ವಿಡ್ ಎಳೆಯುತ್ತಿದ್ದವನು, ಹೋದ ತಿಂಗಳು ನನ್ನ ಸಿರಿಂಜು ಇಸಕೊಂಡು ಹೋದ. ಮೊನ್ನೆ ಮೆಸೇಜು ಹಾಕಿದ್ದ: "ಆ ಮೊದಲ ಎರಡು ಗಂಟೆ ಏನ್ ಮಾಡ್ತಿದ್ದೆ, ಹೇಳೋ ಮಾರಾಯ." ಇನ್ನೂ ಹೇಳಿಲ್ಲ.