ಲಾಗಿನ್ ಎಣಿಸುವುದನ್ನು ಬಿಟ್ಟು ವಿಳಂಬವನ್ನು ಅಳೆದ ಅನುಭವ

ಬಳಕೆ ಕಡ್ಡಾಯವಾಗಿರುವ ದಾಸ್ತಾನು ತಂತ್ರಾಂಶವನ್ನು ಉಗ್ರಾಣದ ಸಿಬ್ಬಂದಿ ಎಷ್ಟರ ಮಟ್ಟಿಗೆ ಒಪ್ಪಿಕೊಂಡಿದ್ದಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು. ಸರಕು ಬಂದ ಮೇಲೆ ಅದರ ನಮೂದಿನಲ್ಲಾಗುವ ವಿಳಂಬವನ್ನೇ ಅದರ ಅಳತೆಗೋಲು ಮಾಡಿಕೊಳ್ಳುತ್ತೇನೆ ಎಂದಾಗ, ಅದು ಲೆಕ್ಕಪರಿಶೋಧಕರ ಕೆಲಸವೇ ಹೊರತು ಸಂಶೋಧನೆಯಲ್ಲ ಎಂದು ಸಹೋದ್ಯೋಗಿಗಳು ತಳ್ಳಿಹಾಕಿದ್ದರು. ಈಗ ಮೂರು ಘಟಕಗಳಲ್ಲಿ ಅದೇ ಅಳತೆ ಗಟ್ಟಿಯಾಗಿ ನಿಂತಿರುವುದರಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಮೊದಲು ನಾನೂ ಎಲ್ಲರಂತೆ ಪ್ರಶ್ನಾವಳಿಯಿಂದಲೇ ಆರಂಭಿಸಿದೆ. ಜನ ತಂತ್ರಜ್ಞಾನವನ್ನು ಒಪ್ಪಿಕೊಳ್ಳುವ ಬಗೆಯನ್ನು ಅಳೆಯಲು ಸಂಶೋಧಕ ಡೇವಿಸ್ 1989ರಲ್ಲಿ ಕೊಟ್ಟ ಉಪಯುಕ್ತತೆಯ ಆರು ಮತ್ತು ಸುಲಭತೆಯ ಆರು ಹೇಳಿಕೆಗಳನ್ನು ಏಳು ಅಂಕಗಳ ಮಾಪಕದಲ್ಲಿ ಹಂಚಿದೆ. ಮುನ್ನೂರರಲ್ಲಿ ಸುಮಾರು 220 ಮರಳಿ ಬಂದವು. ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ತೋರಿಸುವ ಕ್ರೋನ್‌ಬಾಕ್ ಆಲ್ಫಾ 0.95ರ ಆಸುಪಾಸಿನಲ್ಲಿ, ಅಂದರೆ ತುಂಬ ಎತ್ತರದಲ್ಲೇ ಇತ್ತು. ಆದರೆ ಹಾಳೆಯ ಮೇಲೆ ಹಾಳೆ ತಿರುವಿದರೂ ಆರು, ಆರು, ಆರು ಎಂದೇ ಗುರುತು. ಕೇಳಿದ ವಿಧಾನವೇ ಉತ್ತರಗಳನ್ನೆಲ್ಲ ಒಂದೇ ಕಡೆಗೆ ಎಳೆದಿದೆಯೇ ಎಂದು ನೋಡುವ ಹಾರ್ಮನ್ ಪರೀಕ್ಷೆಯಲ್ಲಿ ಒಂದೇ ಅಂಶ ಅರ್ಧಕ್ಕಿಂತ ಹೆಚ್ಚು ವ್ಯತ್ಯಾಸವನ್ನು ನುಂಗಿಹಾಕಿತು. ವಿಚಾರಿಸಿದಾಗ ಗೊತ್ತಾಯಿತು, ಹಾಳೆಗಳು ವಿಭಾಗದ ಮುಖ್ಯಸ್ಥರ ಮೇಜಿನ ಮೇಲಿಂದಲೇ ನನ್ನ ಕೈಗೆ ಬಂದಿದ್ದವು.

ಎರಡನೆಯ ಸಲ ಅನುದಾನದ ಮೂರನೇ ಒಂದು ಭಾಗವನ್ನು ಆನ್‌ಲೈನ್ ಸಮೀಕ್ಷೆಯ ಏಜೆನ್ಸಿಯೊಂದಕ್ಕೆ ಕೊಟ್ಟೆ. ನಲವತ್ತು ಪ್ರಶ್ನೆಗಳನ್ನು ಮೂರು ನಿಮಿಷದೊಳಗೆ ಮುಗಿಸಿದವರನ್ನು ತೆಗೆದುಹಾಕಿದಾಗ ಅರ್ಧದಷ್ಟೂ ಉಳಿಯಲಿಲ್ಲ, ಕೊಟ್ಟ ಹಣವೂ ಹಿಂದಿರುಗಲಿಲ್ಲ. ಆ ನಷ್ಟ ಇಂದಿಗೂ ನೋಯಿಸುತ್ತದೆ.

ಬಳಿಕ ಲಾಗ್‌ಗಳತ್ತ, ಅಂದರೆ ಬಳಕೆಯ ಬಗ್ಗೆ ತಂತ್ರಾಂಶ ತಾನೇ ಇಡುವ ದಾಖಲೆಗಳತ್ತ ತಿರುಗಿದೆ. ವೆಂಕಟೇಶ್ ಮತ್ತು ಸಂಗಡಿಗರು 2003ರಲ್ಲಿ ತಂತ್ರಜ್ಞಾನದ ಒಪ್ಪಿಗೆಯನ್ನು ವಿವರಿಸುವ ಎಂಟು ಮಾದರಿಗಳನ್ನು ಒಂದುಗೂಡಿಸಿದಾಗ ಬಳಕೆಯ ಅವಧಿಯನ್ನು ಲಾಗ್‌ನಿಂದಲೇ ತೆಗೆದುಕೊಂಡಿದ್ದರು. ಹಾಗಾಗಿ ಈ ದಾರಿ ಭದ್ರವೆಂದು ನಂಬಿದ್ದೆ. ನನ್ನ ಉಗ್ರಾಣದಲ್ಲಾದರೋ ಬೆಳಿಗ್ಗೆ ತೆರೆದ ಒಂದೇ ಲಾಗಿನ್‌ನಲ್ಲಿ ಮೂವರು ರಾತ್ರಿಯವರೆಗೆ ಕೆಲಸ ಮಾಡುತ್ತಿದ್ದರು. ಬಳಸದೆ ವಿಧಿಯಿಲ್ಲದ ಕಡೆ ಅವಧಿಯ ಲೆಕ್ಕದಿಂದ ಯಾರ ಒಲವೂ ತಿಳಿಯುವುದಿಲ್ಲ.

ಕೊನೆಗೆ ಸರಕು ಇಳಿಸುವ ಕೌಂಟರ್‌ನಲ್ಲಿ ಎರಡು ವಾರ ಕುಳಿತೆ. ಅಲ್ಲಿನ ಗುಮಾಸ್ತೆ ಬಂದ ಪ್ರತಿಯೊಂದು ಲೋಡನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆ ಐದರ ಮೇಲೆ ಎಲ್ಲವನ್ನೂ ಒಟ್ಟಿಗೆ ತಂತ್ರಾಂಶಕ್ಕೆ ಹಾಕುತ್ತಿದ್ದರು. ಏಕೆಂದು ಕೇಳಿದರೆ, "ಇದು ನನ್ನ ಲೆಕ್ಕ ಮೇಡಂ, ಅದು ಆಫೀಸಿನ ಲೆಕ್ಕ" ಎಂದರು. ನಾನು ಹುಡುಕುತ್ತಿದ್ದ ಅಳತೆ ಆ ಮಾತಿನಲ್ಲೇ ಇತ್ತು: ಗೇಟಿನ ವಹಿಯಲ್ಲಿ ವಾಹನ ಬಂದ ಸಮಯಕ್ಕೂ ಅದೇ ಸರಕು ತಂತ್ರಾಂಶದಲ್ಲಿ ನಮೂದಾದ ಸಮಯಕ್ಕೂ ಇರುವ ಅಂತರ.

ಗೇಟಿನ ವಹಿ ಕೈಬರಹದ್ದಾದ್ದರಿಂದ ನಾಲ್ಕು ಸಾವಿರದಷ್ಟು ಸಾಲುಗಳನ್ನು ಟೈಪ್ ಮಾಡಿಸಬೇಕಾಯಿತು. ಇಬ್ಬರು ಸಹಾಯಕರ ಮೂರು ತಿಂಗಳ ಸಂಬಳಕ್ಕೆ ಉಳಿದ ಅನುದಾನ ಬಹುಪಾಲು ಕರಗಿತು. ಸರಾಸರಿಯನ್ನು ನಂಬಬೇಡಿ, ರಜೆಯ ಹಿಂದಿನ ದಿನದ ಒಂದೆರಡು ಲೋಡುಗಳೇ ಅದನ್ನು ಕೆಡಿಸುತ್ತವೆ. ನಾನು ಮಧ್ಯಾಂಕವನ್ನೇ, ಅಂದರೆ ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವ ಅಂಕಿಯನ್ನೇ ಹಿಡಿದೆ. ಕೆಲವು ಕೌಂಟರ್‌ಗಳಲ್ಲಿ ಅದು ಇಪ್ಪತ್ತು ನಿಮಿಷ, ಕೆಲವು ಕಡೆ ಆರೇಳು ಗಂಟೆ. ಪ್ರಶ್ನಾವಳಿಯಲ್ಲಿ ಮಾತ್ರ ಈ ಎರಡೂ ಗುಂಪಿನವರು ಅದೇ ಆರನ್ನು ಗುರುತಿಸಿದ್ದರು.

ಕೆಲಸದ ಹೊರೆಯಿಂದಲೂ ವಿಳಂಬವಾಗಬಹುದಲ್ಲವೇ ಎಂಬ ಆಕ್ಷೇಪ ಸರಿಯಾದದ್ದೇ. ಹೊರೆಯನ್ನೂ ಒಲವನ್ನೂ ಬೇರ್ಪಡಿಸುವ ಉಪಾಯವನ್ನು ಕಂಡುಕೊಂಡಿದ್ದೇನೆ, ಆದರೆ ಪ್ರಬಂಧ ಅಚ್ಚಾಗುವವರೆಗೆ ಅದನ್ನು ಬಿಟ್ಟುಕೊಡುವುದಿಲ್ಲ. ಊಟದ ವಿರಾಮ ಮುಗಿದ ಮೊದಲ ಅರ್ಧ ಗಂಟೆಯ ನಮೂದುಗಳನ್ನು ಗಮನಿಸಿ ಎಂದಷ್ಟೇ ಹೇಳುತ್ತೇನೆ.

ಇದರ ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. "ನೀವು ಎಷ್ಟು ಬಳಸುತ್ತೀರಿ" ಎನ್ನುವ ಬದಲು "ನಿಮ್ಮ ಪಕ್ಕದ ಕೌಂಟರ್‌ನವರು ಕೂಡಲೇ ನಮೂದಿಸುತ್ತಾರೆಯೇ" ಎಂದು ಸುಮಾರು ಐವತ್ತು ಜನರನ್ನು ಕೇಳಿದಾಗ, ಉತ್ತರಗಳು ವಿಳಂಬದ ಅಂಕಿಗಳಿಗೆ ಎಷ್ಟೋ ಹತ್ತಿರ ಬಂದವು. ಎಕ್ಸೆಲ್‌ಗೆ ಇಳಿಸಿಕೊಳ್ಳುವ ಗುಂಡಿಯನ್ನು ಒತ್ತಿದ ಸಂಖ್ಯೆಯನ್ನೂ ಪರೀಕ್ಷಿಸಿದೆ, ಅದರಿಂದ ಏನೂ ದಕ್ಕಲಿಲ್ಲ.

ಅಳತೆ ಕೈಗೆ ಸಿಕ್ಕ ಮೇಲೆ ವಿಳಂಬದ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಖರೀದಿ ಆದೇಶದ ಸಂಖ್ಯೆ ತುಂಬದೆ ಪರದೆ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ, ಲೋಡು ಬಂದಾಗ ಆ ಸಂಖ್ಯೆ ಗುಮಾಸ್ತೆಯ ಕೈಯಲ್ಲಿ ಇರುತ್ತಿರಲಿಲ್ಲ. ಅರ್ಧ ತುಂಬಿದ ನಮೂದನ್ನೂ ಉಳಿಸಲು ಅವಕಾಶ ಮಾಡಿಸಿದ ಒಂದು ತಿಂಗಳಲ್ಲಿ, ಆ ಕೌಂಟರ್‌ನ ವಿಳಂಬ ಆರು ಗಂಟೆಯಿಂದ ಒಂದು ಗಂಟೆಯ ಆಸುಪಾಸಿಗೆ ಇಳಿಯಿತು. ನೋಟ್‌ಬುಕ್ ಈಗಲೂ ಅವರ ಮೇಜಿನ ಮೇಲಿದೆ. ಅದರಲ್ಲಿ ಈಗ ವಾಹನದ ಸಂಖ್ಯೆಯನ್ನು ಮಾತ್ರ ಬರೆಯುತ್ತಾರೆ.