ಕಾಲುವೆ ದೋಣಿಯಲ್ಲಿ ಚಳಿಗಾಲ: ಒಲೆ, ಬ್ಯಾಟರಿ, ಹಗ್ಗ, ಡಾಂಬರು

ಇಂಗ್ಲೆಂಡಿನ ಗ್ರ್ಯಾಂಡ್ ಯೂನಿಯನ್ ಕಾಲುವೆಯಲ್ಲಿ, ನಾರ್ಥಾಂಪ್ಟನ್‌ಶೈರ್ ಕಡೆ, ದಡಕ್ಕೆ ಕಟ್ಟಿರುವ ಉಕ್ಕಿನ ನ್ಯಾರೋಬೋಟ್ ನನ್ನ ಮನೆ. ಉದ್ದ 57 ಅಡಿ, ಅಗಲ 6 ಅಡಿ 10 ಇಂಚು. ಇಲ್ಲಿನ ಕಿರುಗಾಲುವೆಗಳಲ್ಲಿ ನೀರಿನ ಮಟ್ಟ ಏರಿಳಿಸಿ ದೋಣಿ ದಾಟಿಸುವ ಲಾಕ್‌ಗಳು 7 ಅಡಿ ಅಗಲ, ಹಾಗಾಗಿ ದೋಣಿಗೆ ಇಷ್ಟೇ ಅಗಲ. ತಳದ ಉಕ್ಕು 10 ಮಿ.ಮೀ., ಪಕ್ಕದ್ದು 6, ಕ್ಯಾಬಿನ್ನಿನದು 4. ದಡದಲ್ಲಿ 16 ಆಂಪಿಯರ್‌ನ ನೀಲಿ ಪ್ಲಗ್ ಇದೆ, ಒಂದು ನಲ್ಲಿ ಇದೆ. ಕಾಲುವೆ ನೋಡಿಕೊಳ್ಳುವ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಲೈಸೆನ್ಸ್ ಕೊಡಬೇಕಾದರೆ ವಿಮೆ ಬೇಕು, ನಾಲ್ಕು ವರ್ಷಕ್ಕೊಮ್ಮೆ ದೋಣಿಯ ಸುರಕ್ಷತಾ ಪ್ರಮಾಣಪತ್ರ ಬೇಕು. ಕಾಯಂ ಕಟ್ಟುವ ಜಾಗ ಇಲ್ಲದವರು ಸಾಮಾನ್ಯವಾಗಿ 14 ದಿನಕ್ಕಿಂತ ಹೆಚ್ಚು ಒಂದೇ ಕಡೆ ನಿಲ್ಲುವಂತಿಲ್ಲ. ಬೇಸಿಗೆಯಲ್ಲಿ ಯಾರು ಬೇಕಾದರೂ ಇಲ್ಲಿ ಬದುಕಬಹುದು. ನವೆಂಬರ್‌ನಿಂದ ಮಾರ್ಚ್‌ವರೆಗೆ ಮಾತ್ರ ದಿನಾ ಒಂದಷ್ಟು ಕೆಲಸ ತಪ್ಪಿಸುವ ಹಾಗಿಲ್ಲ. ನಾನು ಮಾಡಿಕೊಂಡು ಬಂದಿರುವ ಕ್ರಮ ಇದು.

ಮೊದಲು ಒಲೆ. ನನ್ನದು ಡೆನ್ಮಾರ್ಕಿನ ಮೋರ್ಸೋ ಸ್ಕ್ವಿರಲ್, ಎರಕದ ಕಬ್ಬಿಣದ್ದು. ಹೊಗೆ ಕಾರದ ಕಲ್ಲಿದ್ದಲ ಉಂಡೆ ಹಾಕುತ್ತೇನೆ. ಕಡು ಚಳಿಯಲ್ಲಿ 25 ಕೆ.ಜಿ. ಮೂಟೆ ಮೂರು ದಿನ ಬರುತ್ತದೆ. ಬೆಳಿಗ್ಗೆ ಎದ್ದ ತಕ್ಷಣ ಕೆಳಗಿನ ಗಾಳಿಚಕ್ರ ಪೂರ್ತಿ ತೆರೆದು ಐದು ನಿಮಿಷ ಬಿಡುತ್ತೇನೆ. ಕೆಂಡ ಕೆಂಪಗಾದ ಮೇಲೆ ಜಾಲರಿಯ ಹಿಡಿ ಅಲ್ಲಾಡಿಸಬೇಕು. ಬೂದಿ ಉದುರುವುದು ಮುಗಿದು ತಟ್ಟೆಗೆ ಕೆಂಡದ ಚೂರು ಬೀಳತೊಡಗಿದರೆ ಅಲ್ಲಿಗೆ ಸಾಕು. ಆರೇಳು ಉಂಡೆ ಹಾಕಿ, ಅವು ಹೊತ್ತಿಕೊಂಡ ಮೇಲೆ ಉಳಿದದ್ದು. ಒಮ್ಮೆಗೇ ಬುಟ್ಟಿ ಸುರಿದರೆ ಕೆಂಡವೇ ಆರುತ್ತದೆ. ರಾತ್ರಿ ಒಲೆ ತುಂಬಿಸಿ, ಇಪ್ಪತ್ತು ನಿಮಿಷ ಗಾಳಿ ಕೊಟ್ಟು, ಆಮೇಲೆ ಚಕ್ರವನ್ನು ಕಾಲು ಸುತ್ತಿನಷ್ಟು ಮಾತ್ರ ತೆರೆದಿಡುತ್ತೇನೆ. ಆ ಇಪ್ಪತ್ತು ನಿಮಿಷ ಬಿಟ್ಟರೆ ಹೊಸ ಉಂಡೆಯಿಂದ ಬರುವ ಅನಿಲ ಉರಿಯದೆ ಚಿಮಣಿಯಲ್ಲಿ ಅಂಟಂಟಾಗಿ ಕೂರುತ್ತದೆ, ಗಾಜೂ ಕಪ್ಪಾಗುತ್ತದೆ.

ಬೂದಿ ತಟ್ಟೆ ತುಂಬಲು ಬಿಡಬೇಡಿ. ಜಾಲರಿ ತಣ್ಣಗಿರುವುದೇ ಕೆಳಗಿನಿಂದ ಬರುವ ಗಾಳಿಯಿಂದ. ಬೂದಿ ಏರಿ ಜಾಲರಿಗೆ ತಾಗಿತೋ, ಗಾಳಿ ನಿಂತು ಎರಕದ ಕಬ್ಬಿಣ ಬಾಗಿ ಸೀಳುತ್ತದೆ. ತೆಗೆದ ಬೂದಿಯಲ್ಲಿ ಇಡೀ ರಾತ್ರಿ ಬದುಕಿರುವಷ್ಟು ಕೆಂಡ ಇರುತ್ತದೆ, ಅದು ಕಾರ್ಬನ್ ಮೊನಾಕ್ಸೈಡ್ ಬಿಡುತ್ತಲೇ ಇರುತ್ತದೆ. ಆದ್ದರಿಂದ ಮುಚ್ಚಳವಿರುವ ತಗಡಿನ ಬಕೆಟ್‌ಗೆ ಹಾಕಿ ದಡದ ಮೇಲಿಡುವುದು. ಮುಂಭಾಗದ ಡೆಕ್ ಮೇಲೆ ಬೇಡ, ಅಲ್ಲಿ ಕೆಳಗೇ ಗ್ಯಾಸ್ ಸಿಲಿಂಡರ್ ಇರುತ್ತದೆ.

ಒಲೆಯಲ್ಲಿ ಸೋರುವ ಜಾಗ ಎರಡು: ಬಾಗಿಲ ಸುತ್ತಲಿನ ಶಾಖ ತಡೆಯುವ ಹಗ್ಗ, ಚಿಮಣಿ ಕೊಳವೆ ಒಲೆಗೆ ಸೇರುವ ಕತ್ತು. ದೋಣಿ ದಡಕ್ಕೆ ಬಡಿದಾಗಲೆಲ್ಲ ಕತ್ತಿನ ಬೆಂಕಿಸಿಮೆಂಟು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಇದಕ್ಕೆ ನನ್ನ ಉಪಕರಣ ಊದುಬತ್ತಿ. ಒಲೆ ಚೆನ್ನಾಗಿ ಉರಿಯುತ್ತಿರುವಾಗ, ಫ್ಯಾನ್, ಕಿಟಕಿ ಮುಚ್ಚಿ, ಹಚ್ಚಿದ ಊದುಬತ್ತಿಯನ್ನು ಕತ್ತಿನ ಸುತ್ತ, ಬಾಗಿಲ ಅಂಚಿನುದ್ದಕ್ಕೂ ನಿಧಾನವಾಗಿ ಒಯ್ಯಿರಿ. ನೆಟ್ಟಗೆ ಏಳುತ್ತಿದ್ದ ಹೊಗೆಯ ಎಳೆ ಒಂದು ಕಡೆ ಥಟ್ಟನೆ ಒಳಕ್ಕೆ ಸೆಳೆದುಕೊಂಡರೆ ಅಲ್ಲಿ ಸಂದಿದೆ. ಬಾಗಿಲ ಹಗ್ಗಕ್ಕೆ ಇನ್ನೊಂದು ಪರೀಕ್ಷೆ: ಒಲೆ ತಣ್ಣಗಿದ್ದಾಗ ಕಾಗದದ ಚೂರು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಹಗ್ಗ ಬದಲಿಸುವ ಕಾಲ ಬಂದಿದೆ. ಸಿಮೆಂಟು ಹಾಕುವಾಗ ಹಳೆಯದನ್ನು ಪೂರ್ತಿ ಕೆರೆದು, ಜಾಗ ಒದ್ದೆ ಮಾಡಿ, ಹೊಸದನ್ನು ಒತ್ತಿ, ಒಂದು ದಿನ ಬಿಟ್ಟು ಸಣ್ಣ ಉರಿ ಹಾಕಿ. ಹಸಿಯಿದ್ದಾಗಲೇ ದೊಡ್ಡ ಉರಿ ಹಾಕಿದರೆ ಗುಳ್ಳೆ ಎದ್ದು ಉದುರುತ್ತದೆ. ಕಾರ್ಬನ್ ಮೊನಾಕ್ಸೈಡ್ ಅಲಾರಂ 2019ರ ಏಪ್ರಿಲ್‌ನಿಂದ ಕಡ್ಡಾಯ. ನಾನು ಒಲೆಯ ಕೋಣೆಗೊಂದು, ಮಲಗುವ ಕಡೆಗೊಂದು ಹಾಕಿದ್ದೇನೆ, ಪ್ರತಿ ಭಾನುವಾರ ಗುಂಡಿ ಒತ್ತಿ ನೋಡುತ್ತೇನೆ.

ಒಳಗೆ ಬೆಚ್ಚಗಾಯಿತು ಎಂದರೆ ಬೆವರುವುದು ಶುರುವಾಯಿತು ಎಂದೇ ಅರ್ಥ. ಉಸಿರು, ಸ್ನಾನ, ಒಗೆದ ಬಟ್ಟೆ, ಅಡುಗೆ, ಎಲ್ಲದರ ಆವಿ ತಣ್ಣಗಿನ ಕಿಟಕಿ ಚೌಕಟ್ಟಿಗೆ ಹೋಗಿ ನೀರಾಗುತ್ತದೆ. ಒಂದು ಕೆ.ಜಿ. ಪ್ರೊಪೇನ್ ಉರಿದರೆ ಅದರಿಂದಲೇ ಸುಮಾರು 1.6 ಕೆ.ಜಿ. ನೀರು ಹುಟ್ಟುತ್ತದೆ. ಇದರ ಮೇಲೆ ನಮ್ಮ ಅಡುಗೆ. ಅನ್ನ ಬಸಿಯುವುದು, ಇಡ್ಲಿ ಬೇಯಿಸುವುದು ಎರಡೂ ದೋಣಿಯ ಮರಕ್ಕೆ ಒಳ್ಳೆಯದಲ್ಲ. ಕುಕ್ಕರ್ ಒಳ್ಳೆಯದು, ಸೀಟಿ ಮಾತ್ರ ತೆರೆದ ಕಿಟಕಿಯ ಕಡೆ ಇರಲಿ. ಛಾವಣಿಯ ಅಣಬೆಯಾಕಾರದ ಗಾಳಿಗಂಡಿಗಳಿಗೆ ಚಳಿ ಎಂದು ಬಟ್ಟೆ ತುರುಕುವವರಿದ್ದಾರೆ. ಅದು ತೇವಕ್ಕಿಂತ ದೊಡ್ಡ ಅಪಾಯ, ಒಲೆಗೂ ಮನುಷ್ಯರಿಗೂ ಬೇಕಾದ ಗಾಳಿ ಬರುವುದು ಅಲ್ಲಿಂದಲೇ. ಹಾಸಿಗೆಯ ಕೆಳಗೆ ಪ್ಲೈವುಡ್ ಇದ್ದರೆ ತೆಗೆದು ಸಂದಿಯಿರುವ ಪಟ್ಟಿಗಳನ್ನು ಹಾಕಿ, ಇಲ್ಲದಿದ್ದರೆ ಒಂದೇ ಚಳಿಗಾಲದಲ್ಲಿ ಹಾಸಿಗೆಯ ಅಡಿ ಬೂಸ್ಟು. ರಾಗಿ ಹಿಟ್ಟು, ಬೇಳೆ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಬೇಡ.

ಕ್ಯಾಬಿನ್ನಿನ ನೆಲದಡಿಯಲ್ಲಿ, ತೀರಾ ಹಿಂದೆ, ಒಂದು ಸಣ್ಣ ಹಲಗೆ ಎತ್ತುವಂತೆ ಇರಬೇಕು. ದೋಣಿಯ ಹಿಂಭಾಗ ತಗ್ಗು, ಸೋರಿದ್ದೆಲ್ಲ ಅಲ್ಲಿಗೇ ಹರಿದು ಬರುತ್ತದೆ. ತಿಂಗಳಿಗೊಮ್ಮೆ ಟಿಶ್ಯೂ ಕಾಗದದಿಂದ ಒತ್ತಿ ನೋಡಿ. ಒದ್ದೆಯಾದರೆ ಮೊದಲ ಅನುಮಾನ ನಿಮ್ಮ ಕೊಳಾಯಿ ಕೀಲುಗಳ ಮೇಲೆ, ಕಾಲುವೆಯ ಮೇಲಲ್ಲ. ಯಾರೂ ನಲ್ಲಿ ತೆರೆಯದಿದ್ದರೂ ನೀರಿನ ಪಂಪು ನಡುರಾತ್ರಿ ಎರಡು ಸೆಕೆಂಡು ಗುರ್ ಎಂದರೆ ಆ ಅನುಮಾನ ನಿಜ.

ಗ್ಯಾಸ್ ವಿಷಯ ಚಿಕ್ಕದು. ಕೆಂಪು ಬಣ್ಣದ 13 ಕೆ.ಜಿ. ಪ್ರೊಪೇನ್ ಸಿಲಿಂಡರ್ ತನ್ನಿ. ನೀಲಿ ಸಿಲಿಂಡರಿನ ಬ್ಯೂಟೇನ್ 0 ಡಿಗ್ರಿ ಹತ್ತಿರ ಬಂದರೆ ಆವಿಯಾಗುವುದೇ ಇಲ್ಲ. ಊರಿನ ಸಿಲಿಂಡರ್‌ನಲ್ಲಿ ಎರಡೂ ಬೆರೆತಿರುತ್ತವೆ, ಅಲ್ಲಿನ ಹವೆಗೆ ಅದು ನಡೆಯುತ್ತದೆ. ಈ ಅನಿಲ ಗಾಳಿಗಿಂತ ಭಾರ, ಸೋರಿದರೆ ತಳಕ್ಕಿಳಿಯುತ್ತದೆ. ಅದು ಹೊರಗೆ ಹೋಗಲೆಂದೇ ಸಿಲಿಂಡರ್ ಪೆಟ್ಟಿಗೆಯ ತಳದಲ್ಲಿ ತೂತುಗಳಿವೆ. ಶರತ್ಕಾಲದ ಎಲೆ ಅವನ್ನು ಮುಚ್ಚಿರುತ್ತದೆ, ಬೆರಳು ಹಾಕಿ ತೆಗೆಯಿರಿ.

ಶೌಚದ್ದು ಇನ್ನೂ ಚಿಕ್ಕದು: ಸುಮಾರು 20 ಲೀಟರ್‌ನ ಡಬ್ಬ ಇಬ್ಬರಿಗೆ ಎರಡು, ಮೂರು ದಿನ. ಕಾಲುವೆ ಹೆಪ್ಪುಗಟ್ಟಿದರೆ ಖಾಲಿ ಮಾಡುವ ಕಟ್ಟೆಗೆ ದೋಣಿ ಒಯ್ಯಲಾಗದು, ಆದ್ದರಿಂದ ಮೂರು ಡಬ್ಬ ಇಟ್ಟುಕೊಳ್ಳಿ. ತೆಳುವಾದ ಮಂಜುಗಡ್ಡೆ ಒಡೆದುಕೊಂಡು ಹೋಗುವ ಸಾಹಸ ಬೇಡವೇ ಬೇಡ. ಗಡ್ಡೆಯ ಅಂಚು ಗಾಜಿನ ಹಾಗೆ, ನೀರಿನ ಮಟ್ಟದಲ್ಲಿ ಉಕ್ಕಿಗೆ ಬಳಿದಿರುವ ಡಾಂಬರನ್ನೆಲ್ಲ ಕೆರೆದು ಹಾಕುತ್ತದೆ. ನಿಮ್ಮದಷ್ಟೇ ಅಲ್ಲ, ದಾರಿಯಲ್ಲಿ ಕಟ್ಟಿರುವ ಪ್ರತಿ ದೋಣಿಯದೂ.

ಬ್ಯಾಟರಿಗೆ ಬರೋಣ. 12 ವೋಲ್ಟಿನ, 110 ಆಂಪಿಯರ್-ಅವರ್‌ನ ಸೀಸದ ಬ್ಯಾಟರಿ ನಾಲ್ಕು, ಒಟ್ಟು 440. ಇದರಲ್ಲಿ ಅರ್ಧ ಮಾತ್ರ ನಮ್ಮದು ಎಂದು ತಿಳಿಯಬೇಕು. ಒಂದು ಗಂಟೆ ಏನೂ ಎಳೆಯದೆ ಬಿಟ್ಟು ಅಳೆದಾಗ 12.7 ವೋಲ್ಟ್ ತುಂಬಿದ ಲೆಕ್ಕ, 12.2 ಅರ್ಧ. ಅದರ ಕೆಳಗೆ ಇಳಿಸಿ ಹಾಗೇ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಮತ್ತೆ ಕರಗುವುದಿಲ್ಲ. ನಮ್ಮವರು ಕೇಳುವ ಪ್ರಶ್ನೆ ಮಿಕ್ಸಿಯದು. 750 ವಾಟಿನ ಮಿಕ್ಸಿ ಇನ್ವರ್ಟರ್ ಮೂಲಕ ಸುಮಾರು 70 ಆಂಪಿಯರ್ ಎಳೆಯುತ್ತದೆ, ಆದರೆ ಐದು ನಿಮಿಷದ ಚಟ್ನಿಗೆ ಖರ್ಚಾಗುವುದು ಆರು ಆಂಪಿಯರ್-ಅವರ್ ಅಷ್ಟೇ. ಮೋಟಾರು ತಿರುಗತೊಡಗುವ ಕ್ಷಣಕ್ಕೆ ಇನ್ನೂ ಹೆಚ್ಚು ಬೇಕು, ಹಾಗಾಗಿ 2,000 ವಾಟಿನ ಪ್ಯೂರ್ ಸೈನ್ ವೇವ್ ಇನ್ವರ್ಟರ್ ತೆಗೆದುಕೊಳ್ಳಿ. ಕರೆಂಟಿನ ರೈಸ್ ಕುಕ್ಕರ್ 700 ವಾಟಿನಂತೆ ಅರ್ಧ ಗಂಟೆ ನಡೆದರೆ 30ಕ್ಕೂ ಮೇಲೆ ತಿನ್ನುತ್ತದೆ. ಅನ್ನ ಗ್ಯಾಸ್ ಮೇಲೆಯೇ. ಚಳಿಗಾಲದಲ್ಲಿ ಸೋಲಾರ್ ನೆಚ್ಚಬೇಡಿ, ಡಿಸೆಂಬರಿನ ಸೂರ್ಯ ಮರಗಳ ಮೇಲೆ ಏಳುವುದೇ ಅಪರೂಪ. ದಡದ ಕರೆಂಟ್ ಇಲ್ಲದ ಕಡೆ ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು, ಅದೂ ಬೆಳಿಗ್ಗೆ 8ರಿಂದ ರಾತ್ರಿ 8ರ ನಡುವೆ. ಮೊದಲ 80 ಭಾಗ ಬೇಗ ತುಂಬುತ್ತದೆ, ಕೊನೆಯ 20ಕ್ಕೆ ಗಂಟೆಗಟ್ಟಲೆ ಬೇಕು. ದಿನಾ ಒಂದೊಂದು ಗಂಟೆ ಓಡಿಸಿ ಸಾಕು ಎನ್ನುವವರ ಬ್ಯಾಟರಿ ಎರಡನೇ ಚಳಿಗಾಲ ಕಾಣುವುದು ಕಷ್ಟ.

ದಡದ ಕರೆಂಟ್‌ಗೆ ಬೇರೆ ಕಾಟ ಇದೆ. ಅದರ ಅರ್ಥಿಂಗ್ ತಂತಿ ಸಾಲಿನಲ್ಲಿರುವ ಎಲ್ಲ ದೋಣಿಗಳ ಉಕ್ಕನ್ನೂ ಒಂದಕ್ಕೊಂದು ಜೋಡಿಸುತ್ತದೆ. ನಡುವೆ ಕಾಲುವೆ ನೀರು. ಅಲ್ಲಿಗೆ ಇಡೀ ಸಾಲೇ ಒಂದು ಬ್ಯಾಟರಿ, ಸವೆಯುವುದು ಯಾರ ಲೋಹ ಬೇಗ ಕರಗುತ್ತದೋ ಅವರದು. ಉಕ್ಕಿನ ಬದಲು ತಾವು ಕರಗಲೆಂದೇ ದೋಣಿಗೆ ಬೆಸೆದಿರುವ ಮೆಗ್ನೀಸಿಯಂ ಗಟ್ಟಿಗಳು ಪಕ್ಕದವರ ದೋಣಿ ಕಾಯುತ್ತಾ ಕರಗಿಹೋಗುತ್ತವೆ. ಇದನ್ನು ತಡೆಯುವುದು ಅರ್ಥಿಂಗ್ ತಂತಿಯ ನಡುವೆ ಕೂರಿಸುವ ಗ್ಯಾಲ್ವನಿಕ್ ಐಸೊಲೇಟರ್ ಎಂಬ ಪೆಟ್ಟಿಗೆ. ವರ್ಷಕ್ಕೊಮ್ಮೆ ದಡದ ಪ್ಲಗ್ ಕಿತ್ತು, ಮಲ್ಟಿಮೀಟರ್ ಡಯೋಡ್ ಗುರುತಿನಲ್ಲಿಟ್ಟು ಅದರ ಎರಡು ತುದಿಗಳ ನಡುವೆ ಅಳೆಯಿರಿ. ಎರಡೂ ದಿಕ್ಕಿನಲ್ಲಿ 0.9 ವೋಲ್ಟ್ ಆಸುಪಾಸು ತೋರಿಸಬೇಕು. ಸೊನ್ನೆ ಬಂದರೆ ಒಳಗಿನ ಡಯೋಡ್ ಸುಟ್ಟಿದೆ, ಪೆಟ್ಟಿಗೆ ಹೆಸರಿಗಷ್ಟೇ ಇದೆ.

ಎಂಜಿನ್ ಕೋಣೆಯಲ್ಲಿ ನಾನು ನೋಡುವುದು ಎರಡು ಜಾಗ. ಒಂದು, ಪ್ರೊಪೆಲ್ಲರ್ ದಂಡ ದೋಣಿಯಿಂದ ಹೊರಗೆ ಹೋಗುವ ಗ್ಲ್ಯಾಂಡ್. ಒಳಗೆ ಗ್ರೀಸ್ ಕುಡಿದ ಚೌಕ ಹಗ್ಗದ ಮೂರು, ನಾಲ್ಕು ಬಳೆಗಳಿರುತ್ತವೆ. ಓಡುವಾಗ ನಿಮಿಷಕ್ಕೆ ಒಂದೆರಡು ಹನಿ ಬಿದ್ದರೆ ಸರಿ. ಎಂಜಿನ್ ನಿಲ್ಲಿಸಿದ ಮೇಲೆ ಹಿತ್ತಾಳೆಯ ಗ್ರೀಸ್ ಬುಡ್ಡಿಯ ಹಿಡಿಯನ್ನು ಬಿಗಿ ಸಿಗುವವರೆಗೆ ತಿರುಗಿಸಿದರೆ ಹನಿ ನಿಲ್ಲಬೇಕು. ನಿಲ್ಲದಿದ್ದರೆ ಎರಡೂ ನಟ್‌ಗಳನ್ನು ಸಮವಾಗಿ, ಒಂದು ಸಲಕ್ಕೆ ಆರನೇ ಒಂದು ಸುತ್ತು ಮಾತ್ರ ಬಿಗಿ ಮಾಡಿ. ಅತಿಯಾಗಿ ಬಿಗಿದರೆ ದಂಡವೇ ಸವೆಯುತ್ತದೆ. ಅರ್ಧ ಗಂಟೆ ಓಡಿಸಿ, ಎಂಜಿನ್ ನಿಲ್ಲಿಸಿ ಮುಟ್ಟಿ ನೋಡಿ: ಬೆಚ್ಚಗಿರಬಹುದು, ಕೈ ಇಡಲಾಗದಷ್ಟು ಬಿಸಿ ಇರಬಾರದು. ಬಳೆ ಬದಲಿಸುವಾಗ ತುದಿಗಳನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿ, ಒಂದರ ಕೀಲು ಮೇಲೆ ಬಂದರೆ ಮುಂದಿನದು ಕೆಳಗೆ ಬರಲಿ.

ಇನ್ನೊಂದು, ಪ್ರೊಪೆಲ್ಲರ್ ಮೇಲಿನ ಮುಚ್ಚಳ. ಸುತ್ತಿಕೊಂಡ ಚೀಲ, ಬಟ್ಟೆ, ತಂತಿ ತೆಗೆಯುವುದು ಇಲ್ಲಿಂದ. ಲಂಡನ್ನಿನ ಸೌತಾಲ್ ಕಡೆ ಪೂಜೆಯ ತೆಂಗಿನಕಾಯಿ ತೇಲಿಬರುವುದೂ ಉಂಟು. ಕಾಯಿಯಿಂದ ತೊಂದರೆಯಿಲ್ಲ, ಬಟ್ಟೆಯದೇ ಕಷ್ಟ. ಎಂಜಿನ್ ಆರಿಸಿ, ಕೀಲಿ ಜೇಬಿಗೆ ಹಾಕಿಕೊಂಡು ಕೈ ಹಾಕಿ. ಬ್ರೆಡ್ ಕೊಯ್ಯುವ ಹಲ್ಲಿನ ಚಾಕು ಸಾಕು, ತಂತಿಯಿದ್ದರೆ ಹ್ಯಾಕ್ಸಾ ಬ್ಲೇಡು. ಕೈಗವಸು ಹಾಕಿ, ಗಾಯವಿದ್ದರೆ ಮುಚ್ಚಿಕೊಳ್ಳಿ: ನಮ್ಮ ಗದ್ದೆಗಳಲ್ಲಿ ಬರುವ ಇಲಿಜ್ವರ ಈ ನೀರಿನಿಂದಲೂ ಬರುತ್ತದೆ. ಮುಚ್ಚಳ ವಾಪಸ್ ಹಾಕುವ ಮುಂಚೆ ರಬ್ಬರ್ ಪಟ್ಟಿಯನ್ನೂ ಅದು ಕೂರುವ ಅಂಚನ್ನೂ ಒರೆಸಿ. ಒಂದು ಕಡ್ಡಿ ಸಿಕ್ಕಿಕೊಂಡಿದ್ದರೂ ಸಾಕು, ಮುಚ್ಚಳ ಸರಿಯಾಗಿ ಕೂರುವುದಿಲ್ಲ. ಬಿಗಿದ ಮೇಲೆ ಗೇರ್ ಹಾಕಿ, ಟಾರ್ಚ್ ಹಿಡಿದು ಒಂದು ನಿಮಿಷ ನೋಡಿ. ಮುಚ್ಚಳ ಸರಿಯಾಗಿ ಕೂರದೆ ಪ್ರೊಪೆಲ್ಲರ್ ತಿರುಗಿದರೆ ನೀರು ಎಂಜಿನ್ ಕೋಣೆಗೆ ನುಗ್ಗುತ್ತದೆ, ದೋಣಿ ಮುಳುಗಲು ಕೆಲವೇ ನಿಮಿಷ ಸಾಕು.

ಹಗ್ಗ ಬಿಗಿಯಾಗಿ ಕಟ್ಟಿದರೆ ದೋಣಿ ಭದ್ರ ಎಂದುಕೊಳ್ಳುವುದು ಹೊಸಬರ ತಪ್ಪು. ಯಾರೋ ಲಾಕ್‌ನ ತೂಬು ಅರ್ಧ ತೆರೆದು ಹೋದರೆ ರಾತ್ರಿ ಬೆಳಗಾಗುವುದರೊಳಗೆ ನೀರು ಅರ್ಧ ಅಡಿ ಇಳಿದಿರಬಹುದು. ಬಿಗಿ ಹಗ್ಗ ಒಂದು ಪಕ್ಕವನ್ನು ಮೇಲೆ ಹಿಡಿದರೆ ಇನ್ನೊಂದು ಪಕ್ಕದ ಬಚ್ಚಲ ತೂತು ನೀರಿಗಿಳಿಯುತ್ತದೆ. ಮುಂದೆ, ಹಿಂದೆ ಒಂದೊಂದು ಹಗ್ಗ ಕೊಂಚ ಸಡಿಲವಾಗಿರಲಿ. ಮುಂದು ಹಿಂದಿನ ಎಳೆತ ತಡೆಯಲು ಇನ್ನೆರಡು ಹಗ್ಗ ಓರೆಯಾಗಿ, ಒಂದಕ್ಕೊಂದು ಎದುರು ದಿಕ್ಕಿನಲ್ಲಿ ಕಟ್ಟಿ. ಹಾದುಹೋಗುವ ದೋಣಿ ನೀರನ್ನು ಮೊದಲು ಸೆಳೆದು ಆಮೇಲೆ ತಳ್ಳುತ್ತದೆ, ಗೂಟ ಕಿತ್ತು ಬರುವುದು ಆ ಎರಡು ಜಗ್ಗುಗಳ ನಡುವೆ. ದಡದ ಬಳೆಗೆ ಗಂಟು ಹಾಕುವ ಬದಲು ಹಗ್ಗವನ್ನು ಅದರೊಳಗೆ ತೂರಿಸಿ ಮತ್ತೆ ದೋಣಿಗೇ ತಂದು ಕಟ್ಟಿದರೆ ರಾತ್ರಿ ಮಳೆಯಲ್ಲಿ ಕೆಳಗಿಳಿಯದೆ ಸಡಿಲಿಸಬಹುದು.

ಎರಡು, ಮೂರು ವರ್ಷಕ್ಕೊಮ್ಮೆ ದೋಣಿಯನ್ನು ನೀರಿನಿಂದ ಎತ್ತಿ ಡಾಂಬರು ಬಳಿಯಬೇಕು. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಳಗೆ ದಿನ ಗೊತ್ತು ಮಾಡಿ, ತಣ್ಣಗಿನ ಒದ್ದೆ ಉಕ್ಕಿಗೆ ಅದು ಹಿಡಿಯುವುದಿಲ್ಲ. ಮೇಲೆತ್ತಿದ ತಕ್ಷಣ, ಪಾಚಿ ಒಣಗುವ ಮುಂಚೆಯೇ, ಒತ್ತಡದ ನೀರಿನಿಂದ ತೊಳೆಯಿರಿ. ಒಣಗಿದ ಮೇಲೆ ಅದು ಸಿಮೆಂಟಿನ ಹಾಗೆ. ಸಡಿಲವಾದದ್ದನ್ನು ಕೆರೆದು, ತುಕ್ಕಿನ ಗುಳಿಗಳನ್ನು ತಂತಿ ಬ್ರಷ್‌ನಿಂದ ಹೊಳೆಯುವವರೆಗೆ ಉಜ್ಜಿ, ಮೂರು ಸಲ ಬಳಿಯುತ್ತೇನೆ. ನೀರಿನ ಮಟ್ಟದ ಪಟ್ಟಿಗೆ ನಾಲ್ಕನೆಯದು. 57 ಅಡಿಯ ದೋಣಿಗೆ ಒಟ್ಟು 20 ಲೀಟರ್ ಹಿಡಿಯುತ್ತದೆ. ನೀರಿಗಿಳಿಸುವ ಮುಂಚೆ ಎರಡು ದಿನವಾದರೂ ಒಣಗಲಿ. ಮೆಗ್ನೀಸಿಯಂ ಗಟ್ಟಿಗಳ ಮೇಲೆ ಬಳಿಯಬೇಡಿ, ಬಳಿದರೆ ಅವು ಕೆಲಸ ಮಾಡುವುದಿಲ್ಲ. ಹೆಚ್ಚು ಬಾಳುವ ಎಪಾಕ್ಸಿ ಬೇಕೆಂದರೆ ಹಳೆಯ ಡಾಂಬರಿನ ಮೇಲೆ ಹಚ್ಚಲಾಗದು, ಮರಳೆರಚಿ ಬರಿಯ ಉಕ್ಕಿಗೆ ತರಬೇಕು. ಖರ್ಚು ಏರುವುದು ಅಲ್ಲೇ.

ಡಿಸೆಂಬರಿನಲ್ಲಿ ಮೂರು ವಾರ ಬೆಂಗಳೂರಿಗೆ ಹೋಗುವುದಾದರೆ: ನೀರಿನ ಪಂಪು ಆರಿಸಿ, ಬಿಸಿನೀರಿನ ಹಂಡೆಯನ್ನೂ ಕೊಳವೆಗಳನ್ನೂ ಖಾಲಿ ಮಾಡಿ, ನಲ್ಲಿಗಳನ್ನೆಲ್ಲ ತೆರೆದಿಡಿ. ಶವರ್ ನಲ್ಲಿಯನ್ನು ಬಿಸಿಗೂ ತಣ್ಣಗಿಗೂ ನಡುವೆ ನಿಲ್ಲಿಸಿ, ಮೊದಲು ಒಡೆಯುವುದು ಅದೇ. ಪಂಪಿನ ಜರಡಿ ಬಟ್ಟಲಿನ ನೀರನ್ನೂ ಚೆಲ್ಲಿ. ಗ್ಯಾಸ್ ಸಿಲಿಂಡರಿನಲ್ಲೇ ಮುಚ್ಚಿ. ಗ್ರೀಸ್ ಹಿಡಿ ಬಿಗಿ ಮಾಡಿ. ಫ್ರಿಜ್ ಖಾಲಿ ಮಾಡಿ ಆರಿಸಿ: ದಡದ ಕರೆಂಟ್ ಟ್ರಿಪ್ ಆದರೆ ಅದು ಬ್ಯಾಟರಿ ಕುಡಿಯುತ್ತದೆ, ತಳದ ನೀರೆತ್ತುವ ಪಂಪಿಗೆ ಏನೂ ಉಳಿಯುವುದಿಲ್ಲ. ಆ ಪಂಪಿನ ತಂತಿ ಮುಖ್ಯ ಸ್ವಿಚ್ಚಿಗಿಂತ ಮೊದಲೇ, ಫ್ಯೂಸ್ ಮೂಲಕ ನೇರ ಬ್ಯಾಟರಿಗೆ ಹೋಗಿರಲಿ. ಪಕ್ಕದ ದೋಣಿಯವರಿಗೆ ಕೀಲಿ ಕೊಟ್ಟು ಹಗ್ಗ ನೋಡಲು ಹೇಳಿ. ವಾಪಸ್ ಬಂದ ದಿನ ತೆರೆದಿಟ್ಟ ನಲ್ಲಿಗಳನ್ನೆಲ್ಲ ಒಂದೊಂದಾಗಿ ಮುಚ್ಚಿದ ಮೇಲೆಯೇ ಪಂಪಿನ ಸ್ವಿಚ್ ಹಾಕಿ, ಸಿಂಕ್ ಅಡಿಯ ಕೀಲುಗಳಿಗೆ ಟಾರ್ಚ್ ಹಿಡಿದು ಕೂತುಕೊಳ್ಳಿ.