ಕಳುವಾದ ಟ್ರೇಲರ್ ಕಾನೂನಿನ ದಾರಿಯಲ್ಲೇ ಬಂತು

ನಮ್ಮದು ಮಹಾರಾಷ್ಟ್ರದ ಜತ್ತ ತಾಲೂಕು. ಕಬ್ಬಿನ ಸೀಜನ್‌ನಲ್ಲಿ ಕಳುವಾದ ಟ್ರಾಕ್ಟರ್ ಟ್ರೇಲರ್, ಗಡಿ ಆಚೆ ವಿಜಯಪುರ ಜಿಲ್ಲೆಯ ಒಂದು ತೋಟದ ಶೆಡ್ಡಿನಲ್ಲಿ ಕಂಡಿತು. ಹೊಸ ಬಣ್ಣ ಬಳಿದಿದ್ದರು, ನಂಬರ್ ಪ್ಲೇಟ್ ಮಾಯ. ಹಿಂದಿನ ಬಾಗಿಲಿಗೆ ನಾವು ವೆಲ್ಡಿಂಗ್ ಮಾಡಿಸಿದ್ದ ಅಡ್ಡಪಟ್ಟಿ ಮಾತ್ರ ಹಾಗೇ ಇತ್ತು.

"ಕಾಕಾ, ರಾತ್ರಿ ಹೋಗಿ ಎಳಕೊಂಡು ಬರೂಣು" ಅಂದ ತಮ್ಮನ ಮಗ. ಬ್ಯಾಡ ಅಂದೆ. ವಸ್ತು ನಮ್ಮದೇ ಇದ್ದರೂ ಇನ್ನೊಬ್ಬರ ಜಾಗಕ್ಕೆ ನುಗ್ಗಿದರೆ ಅತಿಕ್ರಮ ಪ್ರವೇಶದ ಕೇಸು ನಮ್ಮ ಮೇಲೇ ಬೀಳಬಹುದು.

ರಸ್ತೆಯಲ್ಲೇ ನಿಂತು ಫೋಟೊ ತೆಗೆದು, ಎಫ್‌ಐಆರ್ ದಾಖಲಾಗಿದ್ದ ಠಾಣೆಗೆ ಬರೆದುಕೊಟ್ಟೆ. "ಅದು ನಮ್ಮ ಹದ್ದಲ್ಲ" ಎಂಬ ಮಾಮೂಲಿ ಉತ್ತರ. ಎಸ್‌ಪಿಗೆ ಅರ್ಜಿ ಹೋದ ಮೇಲೆ ತನಿಖಾಧಿಕಾರಿ ಅಲ್ಲಿಯ ಪೊಲೀಸರ ಜೊತೆ ಹೋದರು. ಬಣ್ಣ ಕೆರೆದಾಗ ಚಾಸಿ ನಂಬರ್ ಹೊರಬಂತು, ಆರ್‌ಸಿಗೆ ತಾಳೆಯಾಯಿತು. ಪಂಚನಾಮೆ, ಜಪ್ತಿ.

ಜಪ್ತಿಯಾದ ಮಾಲು ನೇರ ಮನೆಗೆ ಬರುವುದಿಲ್ಲ. ವಕೀಲರು ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲಿಗೆ ಬಂದ ಕ್ರಿಮಿನಲ್ ಪ್ರಕ್ರಿಯೆಯ ಕಾಯ್ದೆ) 503ನೇ ಕಲಮಿನಡಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರು. ಜಪ್ತಿ ವಾಹನಗಳನ್ನು ಠಾಣೆಯಲ್ಲಿ ಬಹುಕಾಲ ಇಡಬಾರದೆಂಬ ಸುಪ್ರೀಂ ಕೋರ್ಟಿನ 2002ರ ಸುಂದರಭಾಯಿ ದೇಸಾಯಿ ತೀರ್ಪನ್ನೂ ತೋರಿಸಿದರು. ಮ್ಯಾಜಿಸ್ಟ್ರೇಟರು ಬಾಂಡ್ ಬರೆಸಿಕೊಂಡು ಟ್ರೇಲರ್ ಬಿಟ್ಟುಕೊಟ್ಟರು. ಕೇಸು ಮುಗಿಯುವ ತನಕ ಮಾರುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು. ಕಬ್ಬು ಹೇರಲು ಅಡ್ಡಿಯಿಲ್ಲ.